ಸುಂಕವಿಲ್ಲದ ತೊಗರಿ, ಲೆಕ್ಕವಿಲ್ಲದ ನಷ್ಟ

ದೇಶದೇಶಗಳ ನಡುವೆ ವ್ಯಾಪಾರ ಬೆಳೆಯಬೇಕೆಂಬುದರಲ್ಲಿ ಸಮಾಜವಾದಿಗಳಿಗೆ ತಕರಾರಿಲ್ಲ. ಆದರೆ ಲಾಭ ಯಾರಿಗೆ, ನಷ್ಟ ಯಾರ ತಲೆಯ ಮೇಲೆ ಎಂದು ಕೇಳದೆ ಮಾಡಿಕೊಂಡ ಒಪ್ಪಂದ ದುಡಿಯುವವನ ಪಾಲಿಗೆ ದಂಡವೇ ಸರಿ. ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ತೊಗರಿಯೇ ಇದಕ್ಕೆ ಸಾಕ್ಷಿ.

1817ರಲ್ಲಿ ಇಂಗ್ಲೆಂಡಿನ ಡೇವಿಡ್ ರಿಕಾರ್ಡೊ ತುಲನಾತ್ಮಕ ಲಾಭದ ತತ್ತ್ವವನ್ನು ಮಂಡಿಸಿದ. ಅದನ್ನು ನಮ್ಮ ಗಂಜಿನ ಮಾತಿನಲ್ಲಿ ಹೇಳಬಹುದು. ಅಡತಿಯವನೊಬ್ಬ ಲೆಕ್ಕ ಬರೆಯುವುದರಲ್ಲೂ ಚೀಲ ಹೊರುವುದರಲ್ಲೂ ಹಮಾಲನಿಗಿಂತ ಚುರುಕು ಎಂದಿಟ್ಟುಕೊಳ್ಳೋಣ. ಆದರೂ ಅವನು ಲೆಕ್ಕಕ್ಕೆ ಕುಳಿತು, ಹೊರುವ ಕೆಲಸವನ್ನು ಹಮಾಲನಿಗೆ ಬಿಟ್ಟರೆ ಅಂಗಡಿಯ ಒಟ್ಟು ಕೆಲಸ ಹೆಚ್ಚುತ್ತದೆ. ದೇಶಗಳೂ ಹಾಗೆಯೇ ಕೆಲಸ ಹಂಚಿಕೊಳ್ಳಲಿ ಎಂಬುದು ವಾದ. ವಾದ ಸುಳ್ಳಲ್ಲ. ಆದರೆ ಅಂಗಡಿಯಲ್ಲಿ ಹಮಾಲನಿಗೆ ಕೂಲಿ ಸಿಗುತ್ತದೆ. ದೇಶಗಳ ನಡುವಿನ ವ್ಯಾಪಾರದಲ್ಲಿ ಕೆಲಸ ಕಳೆದುಕೊಂಡವನಿಗೆ ಕೂಲಿ ಕೊಡುವವರು ಯಾರು? ಮಳೆಯನ್ನೇ ನಂಬಿ ತೊಗರಿ ಬಿತ್ತಿದ ರೈತ, ಬೆಲೆ ಬಿತ್ತೆಂದು ನಡುವೆ ಬೇರೆ ಬೆಳೆಗೆ ಹೋಗಲಾರ.

2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು; ಕೂಲಿಕಾರನ ತಟ್ಟೆಯಲ್ಲಿ ಬೇಳೆ ತೆಳುವಾಯಿತು. ಅಂಥ ವರ್ಷ ಆಮದು ಬೇಕೇ ಬೇಕು. 2016ರಲ್ಲಿ ಭಾರತ ಸರ್ಕಾರ ಮೊಜಾಂಬಿಕಿನೊಡನೆ ಒಪ್ಪಂದ ಮಾಡಿಕೊಂಡಿತು: ವರ್ಷಕ್ಕೆ 1 ಲಕ್ಷ ಟನ್ನಿನಿಂದ ಆರಂಭಿಸಿ 2 ಲಕ್ಷ ಟನ್ನಿಗೆ ಏರಿಸುವುದೆಂದು. ಅದೇ ವರ್ಷ ನಮ್ಮ ರೈತ ಭರ್ಜರಿ ಬೆಳೆ ತೆಗೆದ. 2017ರ ಸುಗ್ಗಿಯಲ್ಲಿ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಯೂ ಗಂಜಿನಲ್ಲಿ ದಕ್ಕಲಿಲ್ಲ. ಆಗಸ್ಟಿನಲ್ಲಿ ಸರ್ಕಾರ ಎಚ್ಚೆತ್ತು ಆಮದಿಗೆ ಮಿತಿ ಹಾಕಿತು. ಆ ವರ್ಷ ಮೊಜಾಂಬಿಕಿನಲ್ಲೂ ಬೆಲೆ ಕುಸಿದು, ನಮ್ಮನ್ನು ನಂಬಿ ಬಿತ್ತಿದ್ದ ಅಲ್ಲಿನ ಸಣ್ಣ ರೈತ ಮುಳುಗಿದ. ಅವನು ನಮ್ಮ ವೈರಿಯಲ್ಲ. ಅವನನ್ನೂ ನಮ್ಮನ್ನೂ ತೂಗಿದ ತಕ್ಕಡಿ ಒಂದೇ. ಅಗ್ಗವಾದಾಗ ಕೊಂಡು ದುಬಾರಿಯಾದಾಗ ಮಾರುವ ದೊಡ್ಡ ಗೋದಾಮಿನ ಒಡೆಯನಿಗೆ ಮಾತ್ರ ಎರಡೂ ಕಡೆ ಲಾಭ.

2021ರ ಮೇ ತಿಂಗಳಲ್ಲಿ ಆಮದಿನ ಬಾಗಿಲು ಮತ್ತೆ ತೆರೆಯಿತು. 2025ರ ಮಾರ್ಚಿಗೆ ಮುಗಿಯಬೇಕಿದ್ದ ಸುಂಕರಹಿತ ಆಮದನ್ನು 2026ರ ಮಾರ್ಚ್ 31ರ ವರೆಗೆ ಬೆಳೆಸಲಾಯಿತು. ಆಸಿಯಾನ್ ಕೂಟದ ಬರ್ಮಾದಿಂದ, ಆಫ್ರಿಕದ ದಕ್ಷಿಣ ಕೂಟದ ಮೊಜಾಂಬಿಕ್, ಮಲಾವಿಗಳಿಂದ ಮಾಲು ಬಂತು. 2025ರಲ್ಲಿ ಬೆಂಬಲ ಬೆಲೆ 7,550 ರೂಪಾಯಿ. ರಾಜ್ಯ ಸರ್ಕಾರ ಅದರ ಮೇಲೆ 450 ಸೇರಿಸಿತು. ಗಂಜಿನ ಧಾರಣೆ ಮಾತ್ರ 7,550ಕ್ಕೂ ಕೆಳಗಿಳಿಯಿತು. 2019ರ ನವೆಂಬರಿನಲ್ಲಿ ಭಾರತ ಪೂರ್ವದೇಶಗಳ ದೊಡ್ಡ ವ್ಯಾಪಾರ ಕೂಟದಿಂದ ಹೊರಗುಳಿದದ್ದು ನಿಜ. ಆದರೆ ಕೂಟ ಸೇರದೆಯೂ ತಾನಾಗಿಯೇ ಸುಂಕವನ್ನು ಸೊನ್ನೆಗಿಳಿಸಿದರೆ ರೈತನಿಗೆ ಫಲ ಒಂದೇ.

ಇದು ರೈತನೊಬ್ಬನ ಗೋಳಲ್ಲ. ಹಡಗಿನ ಮಾಲು ಮೊದಲು ಬಂದರಿನ ಬಳಿಯ ಗಿರಣಿಗೆ ಹೋಗುತ್ತದೆ. ನಮ್ಮ ಭಾಗದ ದಾಲ್ ಮಿಲ್ಲುಗಳಿಗೆ ಇರುವ ಅನುಕೂಲ ತೊಗರಿಯ ಹೊಲ ಹತ್ತಿರವಿರುವುದು. ಹೊಲ ತೊಗರಿ ಬಿಟ್ಟರೆ ಗಿರಣಿಯ ಪಾಳಿ, ಹಮಾಲನ ಕೂಲಿ, ಅಡತಿಯ ವಹಿವಾಟು ಎಲ್ಲವೂ ಕುಗ್ಗುತ್ತವೆ.

ಸುಂಕದ ಗೋಡೆ ನಮಗೆ ಹೊಸದಲ್ಲ. ನಿಜಾಮರ ಕಾಲದಲ್ಲಿ ಕರೋಡ್‌ಗಿರಿ ಸುಂಕವಿತ್ತು. ಸಂಸ್ಥಾನ 1948ರಲ್ಲಿ ಭಾರತಕ್ಕೆ ಸೇರಿತು. ಬೀದರ್ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಆ ದೊಡ್ಡ ಮಾರುಕಟ್ಟೆಯಲ್ಲಿ ಹಿಂದುಳಿದಾಗ ಪಾಲು ಕೇಳಲು ಸಂಸತ್ತಿತ್ತು; ತಡವಾಗಿಯಾದರೂ 2012ರ ತಿದ್ದುಪಡಿಯಿಂದ 371 ಜೆ ವಿಧಿ ದಕ್ಕಿತು. ದೇಶಕೂಟಗಳ ವ್ಯಾಪಾರದಲ್ಲಿ ನಷ್ಟ ತುಂಬಿರೆಂದು ಕೇಳಲು ಅಂಥ ಬಾಗಿಲಿಲ್ಲ. ಆ ಹೊಣೆ ದೆಹಲಿ ಸರ್ಕಾರದ್ದೇ.

ನಮ್ಮ ಬೇಡಿಕೆ ಮೂರು. ಗಂಜಿನ ಧಾರಣೆ ಬೆಂಬಲ ಬೆಲೆಗಿಂತ ಇಳಿದೊಡನೆ ಸುಂಕ ಏರಲಿ, ಬೇಳೆ ದುಬಾರಿಯಾದರೆ ಇಳಿಯಲಿ. ಆಮದಿನ ಪ್ರಮಾಣವನ್ನು ಜೂನಿನ ಬಿತ್ತನೆಗೆ ಮೊದಲೇ ಸಾರಲಿ. ಸುಂಕದಿಂದ ಬಂದ ಹಣ ತೊಗರಿ ಖರೀದಿ ಕೇಂದ್ರಗಳಿಗೂ, ಕೆಲಸ ತಪ್ಪಿದ ಗಿರಣಿ ಕಾರ್ಮಿಕರಿಗೂ ಸಲ್ಲಲಿ.

ಕಾಯಕವನ್ನು ಸಾರಿದ ಕಲ್ಯಾಣದ ನೆಲದಲ್ಲಿ ಕಾಯಕ ಮಾಡಿದವನೇ ಬಂದರಿನ ಬೆಲೆಗೆ ಬಲಿಯಾಗಬಾರದು. ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ರೈತರೊಡನೆ ಕೂಡಿ, ಮುಂದಿನ ಬಿತ್ತನೆಗೆ ಮುನ್ನವೇ ಈ ಬೇಡಿಕೆಗಳಿಗಾಗಿ ದನಿಯೆತ್ತಬೇಕು.