ಏಕಾಂಗಿಗಳೆಂಬ ಹೆಸರು ಹೊತ್ತವರು

ವಾದದ ಬಿಸಿಯಲ್ಲಿ ಎದುರಾಳಿಯು ಇಟ್ಟ ಹೆಸರೇ ಮುಂದೆ ಚರಿತ್ರೆಯ ಪುಟಗಳಲ್ಲಿ ಸ್ಥಿರವಾಗಿ ನಿಂತುಬಿಡುವುದುಂಟು. ಅಮೆರಿಕದ ವಿದೇಶಾಂಗ ನೀತಿಯ ಇತಿಹಾಸದಲ್ಲಿ ‘ಐಸೊಲೇಷನಿಸ್ಟ್’ ಎಂಬುದು ಅಂತಹ ಒಂದು ಪದ. ಕನ್ನಡದಲ್ಲಿ ‘ಏಕಾಂಗಿವಾದಿ’ ಎನ್ನೋಣ. ಪರರ ಗೊಡವೆ ತನಗೇಕೆಂದು ಕದವಿಕ್ಕಿ ಕುಳಿತವನು, ಲೋಕಜ್ಞಾನವಿಲ್ಲದವನು, ಯುದ್ಧಕ್ಕೆ ಅಂಜಿದವನು ಎಂಬ ನಿಂದೆಯೆಲ್ಲವೂ ಈ ಒಂದೇ ಮಾತಿನಲ್ಲಿ ಅಡಗಿದೆ. ಈ ಹೆಸರನ್ನು ಹೊತ್ತವರು ನಿಜಕ್ಕೂ ಯಾರು, ಅವರ ಅಂತರಂಗದಲ್ಲಿದ್ದ ಅಳಲು ಏನು ಎಂಬುದನ್ನು ತಿಳಿಯಲು ತಮ್ಮ ವಿದ್ವತ್ತನ್ನು ಮುಡಿಪಾಗಿಟ್ಟ ಇತಿಹಾಸಕಾರರು ವೇಯ್ನ್ ಎಸ್. ಕೋಲ್. 1922ರಲ್ಲಿ ಅಯೋವಾ ರಾಜ್ಯದಲ್ಲಿ ಜನಿಸಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಅಧ್ಯಾಪನ ಮಾಡಿದ ಇವರ ಮೊದಲ ಗ್ರಂಥ 1953ರಲ್ಲಿಯೂ, ರೂಸ್‌ವೆಲ್ಟ್ ಹಾಗೂ ಏಕಾಂಗಿವಾದಿಗಳನ್ನು ಕುರಿತ ಬೃಹತ್ ಗ್ರಂಥ 1983ರಲ್ಲಿಯೂ ಪ್ರಕಟವಾದವು.

ಈ ನೀತಿಯ ಬೇರು ಹಳೆಯದು. ಹೊರದೇಶಗಳೊಡನೆ ಶಾಶ್ವತ ಮೈತ್ರಿಯ ಕಟ್ಟಿಗೆ ಒಳಗಾಗಬಾರದೆಂದು ಜಾರ್ಜ್ ವಾಷಿಂಗ್ಟನ್ನರು 1796ರಲ್ಲಿಯೇ ಎಚ್ಚರಿಸಿದ್ದರು. ವ್ಯಾಪಾರಕ್ಕೆ ಅಡ್ಡಿಯಿರಲಿಲ್ಲ, ಪರರ ಜಗಳದಲ್ಲಿ ಪಾಲುಗಾರರಾಗುವುದು ಮಾತ್ರ ಬೇಡವಾಗಿತ್ತು. 1917ರಲ್ಲಿ ಅಧ್ಯಕ್ಷ ವಿಲ್ಸನ್ನರು ಆ ಗೆರೆಯನ್ನು ದಾಟಿ ದೇಶವನ್ನು ಯೂರೋಪಿನ ಮಹಾಯುದ್ಧಕ್ಕೆ ಇಳಿಸಿದರು. 1,16,000ಕ್ಕೂ ಹೆಚ್ಚು ಅಮೆರಿಕನ್ ಯೋಧರು ಪ್ರಾಣ ತೆತ್ತರು. ವಿಲ್ಸನ್ನರ ಕನಸಿನ ಕೂಸಾದ ರಾಷ್ಟ್ರಸಂಘವನ್ನು ಸೇರಲು ಅವರದೇ ದೇಶದ ಸೆನೆಟ್ ಸಭೆಯು ಸಮ್ಮತಿಸಲಿಲ್ಲ.

ಕೋಲ್ ಅವರ ಸಂಶೋಧನೆಯ ಸತ್ವವೆಲ್ಲವೂ ಕಾಣುವುದು ಉತ್ತರ ಡಕೋಟಾದ ಸೆನೆಟರ್ ಜೆರಾಲ್ಡ್ ನೈ ಅವರನ್ನು ಕುರಿತು 1962ರಲ್ಲಿ ಬರೆದ ಗ್ರಂಥದಲ್ಲಿ. 1934ರಿಂದ 1936ರವರೆಗೆ ಶಸ್ತ್ರಾಸ್ತ್ರ ವ್ಯಾಪಾರಿಗಳ ಲಾಭಕೋರತನವನ್ನು ವಿಚಾರಣೆ ಮಾಡಿದ ಸಮಿತಿಗೆ ಇವರೇ ಅಧ್ಯಕ್ಷರು. ಇವರ ಯುದ್ಧವಿರೋಧವು ಎಲ್ಲಿಂದ ಹುಟ್ಟಿತು? ಕೋಲ್ ಅವರು ಅದನ್ನು ಗೋಧಿಯ ಹೊಲದಲ್ಲಿ ಹುಡುಕಿದರು. ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಚಿನ್ನದ ಬೆಲೆ ಬಂದಿತು. ಒಕ್ಕಲಿಗರು ಸಾಲ ತಂದು ಇನ್ನಷ್ಟು ಭೂಮಿ ಕೊಂಡರು. ಯುದ್ಧ ಮುಗಿದು ಒಂದೆರಡು ವರ್ಷಗಳಲ್ಲಿಯೇ ಬೆಲೆ ಕುಸಿಯಿತು, ಸಾಲ ಉಳಿಯಿತು. ಈ ಪಾಡನ್ನು ನಮ್ಮ ವಾಚಕರಿಗೆ ವಿವರಿಸಿ ಹೇಳಬೇಕಾದುದಿಲ್ಲ. ದೂರದ ನಗರದ ಬ್ಯಾಂಕು, ರೈಲ್ವೆ ಕಂಪನಿ, ಧಾನ್ಯದ ದಲ್ಲಾಳಿ ಇವರೇ ತನ್ನ ಬೆವರನ್ನು ಹೀರುವವರೆಂದು ತಿಳಿದಿದ್ದ ರೈತನಿಗೆ, ಯುದ್ಧವೂ ಅದೇ ಜನರ ಲಾಭಕ್ಕಾಗಿ ನಡೆಯುವ ವ್ಯವಹಾರವೆಂದು ತೋರಿತು. ಹೊಲದಲ್ಲಿ ದುಡಿಯುವ ಮಗನನ್ನು ಆ ವ್ಯವಹಾರಕ್ಕೆ ಏಕೆ ಒಪ್ಪಿಸಬೇಕು? ಆದುದರಿಂದ ನೈ ಅವರ ವಿದೇಶಾಂಗ ನೀತಿಯು ಅವರ ಗ್ರಾಮಪಕ್ಷಪಾತದ ಹೊರಮುಖವೇ ಆಗಿತ್ತೆಂಬುದು ಕೋಲ್ ಅವರ ನಿರ್ಣಯ. ಹಳ್ಳಿಯ ಬಲ ಕುಂದಿ ನಗರದ ಬಲ ಹೆಚ್ಚಿದಂತೆಲ್ಲ ಈ ನೀತಿಯೂ ಕ್ಷೀಣಿಸಿತು.

ಆ ಕಾಲದ ಜನಾಭಿಪ್ರಾಯವು ಎಷ್ಟು ಪ್ರಬಲವಾಗಿತ್ತೆಂಬುದಕ್ಕೆ ಒಂದು ನಿದರ್ಶನ ಸಾಕು. ಶತ್ರುವು ನೆಲದ ಮೇಲೆ ಎರಗಿದ ಹೊರತು, ಪ್ರಜೆಗಳ ನೇರ ಮತವಿಲ್ಲದೆ ಯುದ್ಧ ಸಾರಕೂಡದೆಂಬ ಸಂವಿಧಾನದ ತಿದ್ದುಪಡಿಯನ್ನು ಲಡ್ಲೋ ಎಂಬ ಸದಸ್ಯರು ಸೂಚಿಸಿದ್ದರು. 1938ರ ಜನವರಿಯಲ್ಲಿ ಅದು ಚರ್ಚೆಗೆ ಬರುವ ಮೊದಲೇ ಬಿದ್ದುಹೋಯಿತು, 209ಕ್ಕೆ 188 ಮತಗಳಿಂದ. 1941ರ ಆಗಸ್ಟಿನಲ್ಲಿ ಕಡ್ಡಾಯ ಸೈನ್ಯಸೇವೆಯ ಅವಧಿಯನ್ನು ವಿಸ್ತರಿಸುವ ಮಸೂದೆ ಪ್ರತಿನಿಧಿಗಳ ಸಭೆಯಲ್ಲಿ ಒಂದೇ ಒಂದು ಮತದಿಂದ ಪಾರಾಯಿತು: 203, 202.

1940ರ ಸೆಪ್ಟೆಂಬರಿನಲ್ಲಿ ಸ್ಥಾಪನೆಯಾದ ‘ಅಮೆರಿಕ ಫಸ್ಟ್’ ಸಮಿತಿಗೆ ಸುಮಾರು 8 ಲಕ್ಷ ಸದಸ್ಯರಿದ್ದರು. ಉದ್ಯಮಪತಿಗಳೂ ಶಾಂತಿವಾದಿಗಳೂ ಒಂದೇ ಚಪ್ಪರದಡಿ ಸೇರಿದ್ದರು. ಇವರೆಲ್ಲ ಹಿಟ್ಲರನ ಬಂಟರೆಂಬ ಆರೋಪವನ್ನು ಕೋಲ್ ಅವರು ದಾಖಲೆಗಳ ಆಧಾರದಿಂದ ಅಲ್ಲಗಳೆದರು. ರೂಸ್‌ವೆಲ್ಟರು ತಮ್ಮನ್ನು ಟೀಕಿಸಿ ಬಂದ ತಂತಿಗಳನ್ನು ಗುಪ್ತ ತನಿಖೆಯವರಿಗೆ ಕಳುಹಿಸಿದ ಸಂಗತಿಯನ್ನೂ ಮರೆಮಾಚಲಿಲ್ಲ. ಇದು ನ್ಯಾಯವೇ ಸರಿ. ಆದರೆ ಸೋತವರ ಮೇಲಿನ ಸಹಾನುಭೂತಿಯು ಕೆಲವೆಡೆ ತುಸು ಹೆಚ್ಚಾಯಿತೆಂದು ನನಗೆ ತೋರುತ್ತದೆ. ಅದೇ ಸಮಿತಿಯ ವೇದಿಕೆಯಿಂದ ವಿಮಾನವೀರ ಲಿಂಡ್‌ಬರ್ಗ್ 1941ರ ಸೆಪ್ಟೆಂಬರ್ 11ರಂದು ಡಿ ಮೊಯಿನ್ ನಗರದಲ್ಲಿ, ದೇಶವನ್ನು ಯುದ್ಧದತ್ತ ತಳ್ಳುವವರ ಸಾಲಿನಲ್ಲಿ ಯಹೂದ್ಯರನ್ನು ಹೆಸರಿಸಿದರು. ಮನೆಮಠ ಕಳೆದುಕೊಂಡು ಓಡುತ್ತಿದ್ದ ಜನಾಂಗದ ಮೇಲೆ ಹೊರಿಸಿದ ದೋಷವದು. ಅದನ್ನು ಕೇವಲ ಬಾಯಿತಪ್ಪು ಎನ್ನಲಾಗದು. 1939ರಲ್ಲಿ 937 ಪ್ರಯಾಣಿಕರನ್ನು ಹೊತ್ತು ಬಂದ ‘ಸೇಂಟ್ ಲೂಯಿಸ್’ ಹಡಗನ್ನು ಕ್ಯೂಬಾ ತಿರಸ್ಕರಿಸಿತು, ಅಮೆರಿಕವೂ ಒಳಗೆ ಬಿಡಲಿಲ್ಲ. ಯೂರೋಪಿಗೆ ಮರಳಿದ ಆ ಯಹೂದ್ಯರಲ್ಲಿ 254 ಮಂದಿ ಮುಂದೆ ಹತರಾದರು. ಹಾಗೆಂದು ಈ ಪಾಪವನ್ನು ಏಕಾಂಗಿವಾದಿಗಳೊಬ್ಬರ ತಲೆಗೇ ಕಟ್ಟುವಂತಿಲ್ಲ. ಆಗ ಅಧಿಕಾರದಲ್ಲಿದ್ದವರು ರೂಸ್‌ವೆಲ್ಟರೇ.

ಇದನ್ನು ಭಾರತದ ಅಲಿಪ್ತ ನೀತಿಯೊಡನೆ ಬೆರೆಸುವವರಿದ್ದಾರೆ. ಬಣಗಳಿಂದ ದೂರವಿರುವುದು ಬೇರೆ, ಲೋಕದಿಂದ ದೂರವಿರುವುದು ಬೇರೆ. ಕೊರಿಯಾ ಯುದ್ಧದ ಕೈದಿಗಳ ವಾಪಸಾತಿಗಾಗಿ 1953ರಲ್ಲಿ ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರೇ ಅಧ್ಯಕ್ಷರಾಗಿದ್ದರು.

1941ರ ಡಿಸೆಂಬರ್ 7ರಂದು ನೈ ಅವರು ಪಿಟ್ಸ್‌ಬರ್ಗ್ ನಗರದ ಸಭೆಯೊಂದರಲ್ಲಿ ಯುದ್ಧದ ವಿರುದ್ಧ ಭಾಷಣ ಮಾಡುತ್ತಿದ್ದಾಗಲೇ ಪರ್ಲ್ ಹಾರ್ಬರ್ ಮೇಲೆ ಜಪಾನ್ ಎರಗಿದ ವಾರ್ತೆಯ ಚೀಟಿ ಅವರ ಕೈಸೇರಿತು. ಮರುದಿನ ಅವರೂ ಯುದ್ಧದ ಪರವಾಗಿ ಮತವಿತ್ತರು. ಪ್ರತಿನಿಧಿಗಳ ಸಭೆಯಲ್ಲಿ 388 ಮತಗಳಿಗೆ ಎದುರಾಗಿ ಒಬ್ಬರೇ ನಿಂತರು: 1917ರಲ್ಲಿಯೂ ಯುದ್ಧ ಬೇಡವೆಂದಿದ್ದ ಮೊಂಟಾನಾದ ಜೀನೆಟ್ ರ‍್ಯಾಂಕಿನ್. ಗಾಂಧೀಜಿಯವರ ಮಾರ್ಗವನ್ನು ಅರಿಯಲು ಈಕೆ ಮುಂದೆ ಅನೇಕ ಬಾರಿ ಭಾರತಕ್ಕೆ ಬಂದುಹೋದರು.

1944ರ ಚುನಾವಣೆಯಲ್ಲಿ ನೈ ಸೋತರು. 1945ರ ಜುಲೈ 28ರಂದು ಸೆನೆಟ್ ಸಭೆಯು ವಿಶ್ವಸಂಸ್ಥೆಯ ಸನದನ್ನು 89 ಮತಗಳಿಂದ ಅಂಗೀಕರಿಸಿತು. ಬೇಡವೆಂದವರು ಇಬ್ಬರು: ನೈ ಅವರ ರಾಜ್ಯವೇ ಆದ ಉತ್ತರ ಡಕೋಟಾದ ಲ್ಯಾಂಗರ್, ಅದರ ನೆರೆಯ ಮಿನ್ನೆಸೋಟಾದ ಶಿಪ್‌ಸ್ಟೆಡ್.