ಶರಾವತಿಗೆ ಸುರಂಗ ಬೇಡ, ಪಾವಗಡಕ್ಕೆ ಬ್ಯಾಟರಿ ಬೇಕು

ಕಲ್ಲಿದ್ದಲು ಬಿಡಬೇಕು ಎಂಬುದರಲ್ಲಿ ನನ್ನದು ಎರಡು ಮಾತಿಲ್ಲ. 2030ರ ಹೊತ್ತಿಗೆ 500 ಗಿಗಾವಾಟ್ ಪಳೆಯುಳಿಕೆಯೇತರ ವಿದ್ಯುತ್ ಸಾಮರ್ಥ್ಯ ಕಟ್ಟುತ್ತೇವೆ ಎಂದು 2021ರಲ್ಲಿ ಗ್ಲಾಸ್ಗೋದಲ್ಲಿ ಭಾರತ ಕೊಟ್ಟ ಮಾತು ಉಳಿಯಲೇಬೇಕು. ಸಂಜೆ ಮನೆಮನೆಯಲ್ಲಿ ಸ್ವಿಚ್ ಒತ್ತುವ ಹೊತ್ತಿಗೆ ಸೋಲಾರ್ ನಿಂತಿರುತ್ತದೆ. ಹಾಗಾಗಿ ಹಗಲಿನ ವಿದ್ಯುತ್ತನ್ನು ರಾತ್ರಿಗೆ ಉಳಿಸುವ ಏರ್ಪಾಡೂ ಬೇಕು. ಇಷ್ಟನ್ನೂ ಒಪ್ಪಿಯೇ ಹೇಳುತ್ತೇನೆ: ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಕೈಬಿಡಬೇಕು.

ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಬೇಡಿಕೆ ಏರಿದಾಗ ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುವುದು ಯೋಜನೆ. ಎತ್ತಲು ಸುಟ್ಟ ವಿದ್ಯುತ್ತಿನಲ್ಲಿ ಸುಮಾರು ಐದನೇ ಒಂದು ಪಾಲು ನಷ್ಟವಾಗುತ್ತದೆ. ಎರಡೂ ಜಲಾಶಯ ಈಗಾಗಲೇ ಇವೆ, ಹೊಸ ಅಣೆಕಟ್ಟು ಬೇಕಿಲ್ಲ ಎಂಬುದು ಸಮರ್ಥಕರ ವಾದ. ನಿಜವೇ. ಆದರೆ ಅವೆರಡರ ನಡುವೆ ಇರುವುದು ಖಾಲಿ ಜಾಗವಲ್ಲ, ರಾಜ್ಯ ಸರ್ಕಾರವೇ 2019ರಲ್ಲಿ ಘೋಷಿಸಿದ ಸಿಂಗಳೀಕ ಅಭಯಾರಣ್ಯ. ಸುರಂಗ, ಭೂಗತ ವಿದ್ಯುದಾಗಾರ, ರಸ್ತೆ, ಅಗೆದ ಕಲ್ಲುಮಣ್ಣು ಸುರಿಯುವ ಜಾಗ ಎಂದು ಸಾವಿರಾರು ಮರಗಳು ಉರುಳಬೇಕು. ಸಿಂಗಳೀಕ ನೆಲಕ್ಕಿಳಿಯುವುದೇ ಅಪರೂಪ. ಕೊಂಬೆಯಿಂದ ಕೊಂಬೆಗೆ ಹೋಗುವ ದಾರಿ ತುಂಡಾದರೆ ಗುಂಪುಗಳು ಒಂದನ್ನೊಂದು ಸೇರಲಾರವು. ಎಲ್ಲೋ ಬಯಲಿನಲ್ಲಿ ಸಸಿ ನೆಟ್ಟು ಇದನ್ನು ತುಂಬಿಕೊಡುತ್ತೇವೆ ಎನ್ನುವುದು ಸುಳ್ಳು.

ಈ ಕಣಿವೆ ನಾಡಿಗೆ ಕೊಟ್ಟಿದ್ದು ಸಾಲದೇ? ಲಿಂಗನಮಕ್ಕಿ ಜಲಾಶಯದ ನೀರಿಗೆ ಊರು ಬಿಟ್ಟುಕೊಟ್ಟವರ ಮಕ್ಕಳು, ಮೊಮ್ಮಕ್ಕಳು ಭೂಮಿಯ ಹಕ್ಕಿಗಾಗಿ ಇಂದಿಗೂ ಕಚೇರಿ ಅಲೆಯುತ್ತಿದ್ದಾರೆ.

ದಾರಿ ಬೇರೆ ಇದೆ. ಎರಡು ಗಂಟೆಯ ಬ್ಯಾಟರಿ ಸಂಗ್ರಹಕ್ಕೆ 2022ರ ಟೆಂಡರಿನಲ್ಲಿ ಮೆಗಾವಾಟಿಗೆ ತಿಂಗಳಿಗೆ ಸುಮಾರು 10.8 ಲಕ್ಷ ರೂಪಾಯಿ ದರ ಬಂದಿತ್ತು. 2024ರಲ್ಲಿ ಗುಜರಾತಿನ ಟೆಂಡರಿನಲ್ಲಿ ಅದು 4.5 ಲಕ್ಷದ ಆಸುಪಾಸಿಗೆ ಇಳಿಯಿತು. ಬ್ಯಾಟರಿ ಹದಿನೈದು ವರ್ಷಕ್ಕೆಲ್ಲ ಸವೆಯುತ್ತದೆ, ಸೆಲ್‌ಗಳು ಹೆಚ್ಚಾಗಿ ಚೀನಾದಿಂದ ಬರಬೇಕು ಎಂಬ ಆಕ್ಷೇಪಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಸವೆದ ಬ್ಯಾಟರಿಗೆ ಬದಲಿ ಸಿಗುತ್ತದೆ. ಪಾವಗಡದಲ್ಲಿ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ, ಸಬ್‌ಸ್ಟೇಷನ್ ಇದೆ, ಲೈನ್ ಇದೆ. ಬ್ಯಾಟರಿ ಮೊದಲು ಅಲ್ಲಿಗೆ ಬರಲಿ. ಪಂಪ್ಡ್ ಸ್ಟೋರೇಜ್ ಬೇಕೇ ಬೇಕೆಂದರೆ ಅದನ್ನು ನದಿಯಿಂದ ಹೊರಗೂ ಕಟ್ಟಬಹುದು; ಆಂಧ್ರದ ಪಿನ್ನಾಪುರಂನಲ್ಲಿ ಕಟ್ಟಿದ್ದಾರೆ. ಇನ್ನು ರೈತರ ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟನ್ನು ಹಗಲಲ್ಲೇ ಕೊಟ್ಟರೆ ಆ ವಿದ್ಯುತ್ತನ್ನು ಸಂಗ್ರಹಿಸುವ ಪ್ರಮೇಯವೇ ಇಲ್ಲ, ರಾತ್ರಿ ಹಾವು-ಚೇಳಿನ ನಡುವೆ ನೀರು ಹಾಯಿಸುವ ಕಷ್ಟವೂ ತಪ್ಪುತ್ತದೆ.

ಸರ್ಕಾರ ಈ ಎಲ್ಲ ದಾರಿಗಳ ಖರ್ಚನ್ನು ಶರಾವತಿ ಯೋಜನೆಯ ಖರ್ಚಿನ ಪಕ್ಕದಲ್ಲಿಟ್ಟು ಕನ್ನಡದಲ್ಲೇ ಜನರ ಮುಂದಿಡಲಿ. ಅಲ್ಲಿಯವರೆಗೆ ಆ ಕಾಡಿನಲ್ಲಿ ಒಂದು ಮರಕ್ಕೂ ಗರಗಸ ಇಡಬಾರದು.