ಐದು ದಿನಗಳ ಕಥೆಯೂ ಮರೆತ ಮುಂದಾಳುವೂ

ಪ್ರತಿವರ್ಷ ಸಪ್ಟಂಬರ ೧೭ರಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಧ್ವಜವೇರುತ್ತದೆ, ಭಾಷಣವಾಗುತ್ತದೆ. ೧೯೪೮ನೆಯ ಸಪ್ಟಂಬರ ೧೩ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಹೊಕ್ಕಿತು, ೧೭ರಂದು ನಿಜಾಮನು ಮಣಿದನು, ನಾವು ಬಿಡುಗಡೆ ಹೊಂದಿದೆವು. ಇಷ್ಟೇ ಕಥೆ! ಐದು ದಿನಗಳ ಈ ಕಥೆಯಲ್ಲಿ ಕನ್ನಡಿಗನೆಲ್ಲಿ? ಅವನು ಕೈಕಟ್ಟಿ ಕುಳಿತಿದ್ದನೇ?

ಇಲ್ಲವೆಂಬದಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳ ಜೀವನವೇ ಸಾಕ್ಷಿ. ರಜಾಕಾರರ ಹಾವಳಿಯಿಂದ ಹಳ್ಳಿಗಳು ತತ್ತರಿಸಿದಾಗ ಅವರು ಮುಂಬಯಿ ಪ್ರಾಂತದ ಮುಂಡರಗಿಯಲ್ಲಿ ಶಿಬಿರ ಹೂಡಿದರು. ತರುಣರನ್ನು ಕೂಡಿಸಿ ಗಡಿಯಾಚೆಯ ಠಾಣೆಗಳ ಮೇಲೆ ಎರಗಿದರು. ಸೈನ್ಯದ ಉಪಕಾರವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಸೈನ್ಯ ಬಂದದ್ದು ಅನಂತರ! ಮುಂದೆ ೧೯೫೨ರಲ್ಲಿ ಕುಷ್ಟಗಿಯಿಂದ ಪಕ್ಷೇತರರಾಗಿ, ೧೯೬೨ರಲ್ಲಿ ಕೊಪ್ಪಳದಿಂದ ಲೋಕಸೇವಕ ಸಂಘದ ಪರವಾಗಿ ಅವರು ಲೋಕಸಭೆಯನ್ನು ಸೇರಿದರು.

ಶಸ್ತ್ರ ಹಿಡಿದವನಿಗೆ ಶಾಸನಸಭೆಯೇಕೆಂದು ಮೂಗು ಮುರಿಯುವವರು ಫಿಲಿಪ್ಪೈನ್ ದ್ವೀಪಗಳತ್ತ ನೋಡಲಿ. ಜಪಾನೀಯರ ವಿರುದ್ಧ ಗೆರಿಲ್ಲಾ ಪಡೆಗಳನ್ನು ನಡೆಸಿದ ರಾಮೋನ್ ಮ್ಯಾಗ್ಸೆಸೆಯವರನ್ನು ಆ ಜನ ೧೯೪೬ರಲ್ಲಿ ಪ್ರತಿನಿಧಿಸಭೆಗೆ, ೧೯೫೩ರಲ್ಲಿ ಅಧ್ಯಕ್ಷಪದಕ್ಕೆ ಆರಿಸಿತು. ಅವರ ಹೆಸರಿನ ಪ್ರಶಸ್ತಿಯು ೧೯೯೧ರಲ್ಲಿ ನಮ್ಮ ಕೆ. ವಿ. ಸುಬ್ಬಣ್ಣನವರಿಗೂ ಸಂದಿತು. ಕಡಲಾಚೆಯ ಆ ವೀರನ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಕಂಠಪಾಠ. ಅಳವಂಡಿಯ ಸ್ವಾಮಿಗಳ ಹೆಸರು ಕೇಳಿದರೆ ಮೌನ! ಇದು ಮಕ್ಕಳ ತಪ್ಪೇ, ಕಲಿಸುವವರ ತಪ್ಪೇ?

ಇನ್ನೊಂದು ಮಾತು. ೧೯೪೮ರಲ್ಲಿ ನಿಜಾಮನ ಆಳಿಕೆ ಹೋಯಿತೇ ಹೊರತು ಕನ್ನಡನಾಡು ಒಂದಾಗಲಿಲ್ಲ. ಗುಲಬರ್ಗಾ, ರಾಯಚೂರು, ಬೀದರಗಳು ಮತ್ತೆ ಎಂಟು ವರ್ಷ ಹೈದರಾಬಾದಕ್ಕೇ ಅಂಟಿಕೊಂಡಿದ್ದವು. ೧೯೫೨ರಲ್ಲಿ ಗುಲಬರ್ಗಾದಿಂದ ಆರಿಸಿಬಂದ ಸ್ವಾಮಿ ರಮಾನಂದ ತೀರ್ಥರು ಆ ಸಂಸ್ಥಾನವು ಭಾಷಾನುಸಾರವಾಗಿ ವಿಭಜನೆಯಾಗಲೇಬೇಕೆಂದು ಹಟ ಹಿಡಿದರು. ೧೯೫೬ನೆಯ ನವಂಬರ ೧ರ ಏಕೀಕರಣವು ಆಕಾಶದಿಂದ ಉದುರಿದ ಹಣ್ಣಲ್ಲ. ನೃಪತುಂಗನ ಮಾನ್ಯಖೇಟವು ಸೇಡಂ ತಾಲೂಕಿನ ಇಂದಿನ ಮಳಖೇಡವಲ್ಲವೇ? ಆ ಮಣ್ಣಿನ ಮಗುವೇ ಹಿರಿಯ ವಿದ್ಯೆಗಾಗಿ ಉರ್ದುವಿನ ಬಾಗಿಲು ತಟ್ಟಬೇಕಾದ ಕಾಲವೊಂದಿತ್ತು. ಆ ಬಾಗಿಲನ್ನು ಬದಲಿಸಿದವರು ಯಾರೆಂದು ಹೇಳದೆ ಧ್ವಜವೇರಿಸಿದರೆ ಅದು ಬರಿಯ ಬಟ್ಟೆ.

ಉಪಾಧ್ಯಾಯ ಬಂಧುಗಳೇ! ೧೯೪೮ರಲ್ಲಿ ಹತ್ತು ವರ್ಷದವನಾಗಿದ್ದ ಹುಡುಗನು ಇಂದು ತೊಂಬತ್ತರ ಹೊಸ್ತಿಲಲ್ಲಿದ್ದಾನೆ. ನಿಮ್ಮೂರಿನ ಅಂಥ ಹಿರಿಯರನ್ನು ಶಾಲೆಗೆ ಕರೆಯಿರಿ. ಅವರ ಮಾತನ್ನು ಮಕ್ಕಳಿಂದ ಬರೆಯಿಸಿರಿ. ಬರುವ ಸಪ್ಟಂಬರದಲ್ಲಿ ಭಾಷಣ ಕಡಿಮೆಯಾದರೂ ಸರಿ, ಆ ಬರೆಹವನ್ನು ಓದಿಸಿರಿ. ತಡಮಾಡಿದರೆ ಹೇಳುವವರೇ ಇರಲಾರರು. ಆಗ ಐದು ದಿನಗಳ ಕಥೆಯೇ ನಮ್ಮ ಇತಿಹಾಸವಾಗಿ ನಿಂತೀತು!